ಗುಂಡಕಲ್ಲಿಗೆ ಇಟ್ಟ ಹೆಸರು

ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ಹಿಂದಿನ ವಾರ ಬಸವಕಲ್ಯಾಣದ ನನ್ನ ತವರುಮನೆಯಿಂದ ಎರಡು ಫೋನು ಬಂದವು. ಒಂದು ತಮ್ಮನ ಹೆಂಡತಿಯದು, ಮಾಳಿಗೆ ಮೇಲಿಂದ. ಇನ್ನೊಂದು ಅವ್ವನದು, ಅಡುಗೆಮನೆಯಿಂದ. ಯಾವುದು ಮೊದಲು ಬಂತು ಎಂದು ಈಗ ನೆನಪಿಲ್ಲ. ಒಂದರಲ್ಲಿ ಗಾಳಿಯ ಸದ್ದಿತ್ತು, ಇನ್ನೊಂದರಲ್ಲಿ ಕುಕ್ಕರಿನ ಸೀಟಿ. ಇಬ್ಬರೂ ದನಿ ತಗ್ಗಿಸಿ ಮಾತಾಡಿದರು. ಒಬ್ಬರು ಫೋನು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದಿತ್ತು.

“ಅಕ್ಕಾರ, ಹೆಸರು ನಾ ಆರಿಸೀನ್ರಿ,” ಎಂದಳು ತಮ್ಮನ ಹೆಂಡತಿ. “ವಾಟ್ಸಾಪಿಗಿ ಕಳಿಸೀನಿ ನೋಡ್ರಿ. ಕೂಸಿನ ಕಿವ್ಯಾಗ ಅದೊಂದೇ ಹೇಳ್ರಿ. ಬ್ಯಾರೆ ಏನೂ ಬ್ಯಾಡ್ರಿ.”

“ಬ್ಯಾರೆ ಏನ್ ಹೇಳ್ತೀನವ್ವಾ ನಾ?”

“ನಿಮಗ ಗೊತ್ತದರಿ.”

ಅವ್ವ ಸುತ್ತಿ ಬಳಸಿ ಮಾತಾಡುವವಳಲ್ಲ. “ಆಕಿ ಏನೋ ಮೊಬೈಲ್ ಕಂಪನಿ ಹೆಸರಿನಂಥಾದು ಹುಡಿಕ್ಯಾಳ. ಸಾಲ್ಯಾಗ ಅದನ್ನೇ ಬರಸ್ಲಿ, ನಂದೇನ್ ತಕರಾರ್ ಇಲ್ಲ. ಆದ್ರ ಕಿವ್ಯಾಗ ನಿನ್ನ ಹೆಸರು ಹೇಳು. ತಿಪ್ಪಿ ಹೆಸರು. ನಮಗ ಕೂಸು ಉಳೀಬೇಕು, ತಿಳೀತಿಲ್ಲ?”

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಕೂಸಿನ ಅಪ್ಪನ ಅಕ್ಕ ಅಥವಾ ತಂಗಿ. ಹೆಸರನ್ನು ಯಾರೇ ಆರಿಸಲಿ, ಅದು ಅವಳ ಬಾಯಿಂದಲೇ ಕೂಸಿನ ಕಿವಿಗೆ ಬೀಳಬೇಕು. ಅವಳು ತೊಟ್ಟಿಲಿಗೆ ಬಗ್ಗಿ ‘ಕುರ್ರ್’ ಎಂದು ಹೆಸರು ಉಸುರುವಾಗ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದು ನಾನು ಕೇಳಿದವರೆಲ್ಲ ಬೇರೆ ಬೇರೆ ಕಾರಣ ಹೇಳಿದ್ದಾರೆ. ಗುದ್ದುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ.

ತಮ್ಮನಿಗೆ ಇರುವುದು ನಾನೊಬ್ಬಳೇ ಅಕ್ಕ. ಅವನ ಹೆಂಡತಿಗೆ ಹಿಂದೆ ಬಸಿರು ನಿಂತು ನಿಂತು ಹೋಗಿತ್ತು. ಈ ಕೂಸು ಎಷ್ಟೋ ವರ್ಷ ಕಾದ ಮೇಲೆ ಬಂದದ್ದು. ಹೆರಿಗೆಗೆ ತವರಾದ ಮಂಠಾಳಕ್ಕೆ ಹೋಗುವುದನ್ನೂ ಬಿಟ್ಟು, ದವಾಖಾನೆ ಹತ್ತಿರವಿರಲಿ ಎಂದು ಅವಳು ಕಲ್ಯಾಣದಲ್ಲೇ ಉಳಿದಿದ್ದಳು. ಅತ್ತೆ ಸೊಸೆ ಇಬ್ಬರಿಗೂ ಇದ್ದ ಅಂಜಿಕೆ ಒಂದೇ. ಅವ್ವ ಅಂಜಿಕೆಯನ್ನು ಹೆಸರಿನೊಳಗೆ ಮುಚ್ಚಿಡಬೇಕೆಂದಳು. ಸೊಸೆಗೆ ಮಗಳ ಹೆಸರಿನಲ್ಲಿ ಅಂಜಿಕೆಯ ವಾಸನೆಯೂ ಇರಬಾರದಿತ್ತು.

ತಿಪ್ಪೆ ಹೆಸರಿನ ಬಗ್ಗೆ ಹೇಳಬೇಕು. ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಹಾಗೆ ಮಕ್ಕಳು ಹೋದ ಮೇಲೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರ ಕೈಲಿ ಎತ್ತಿಸಿ, ಹಿಡಿ ತೌಡು ಕೊಟ್ಟು ಅವರಿಂದ ಕೊಂಡುಕೊಂಡಂತೆ ಮಾಡುತ್ತಿದ್ದರು. ಯಾರಿಗೂ ಬೇಡವಾಗಿ ಎಸೆದದ್ದು ಸಾವಿಗೂ ಬೇಡವಾಗುತ್ತದೆ ಎಂಬ ಲೆಕ್ಕ. ಹೆಸರನ್ನೂ ತಿಪ್ಪೆಯಿಂದಲೇ ತೆಗೆಯುತ್ತಿದ್ದರು. ನನ್ನ ಹೆಸರು ಹಾಗೆ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಸೀಮೆಯವರು ಊಹಿಸಿಬಿಡುತ್ತಾರೆ, ಉಳಿದವರಿಗೆ ಇಷ್ಟು ಗೊತ್ತಾದರೆ ಸಾಕು.

ಅವ್ವ ಹೇಳುವ ಪ್ರಕಾರ ನನ್ನನ್ನು ಬರೀ ಮೈಯಲ್ಲಿ ತಿಪ್ಪೆಯ ಮೇಲೆ ಮಲಗಿಸಿದ್ದರು, ನಾನು ಅಳಲೇ ಇಲ್ಲ. ನನ್ನನ್ನು ಎತ್ತಿಕೊಂಡವಳು ಪಕ್ಕದ ಮನೆಯ ಮುಸಲ್ಮಾನರ ಹೆಂಗಸು. ಅವಳನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆದು ಬೆಳೆದೆ. ಖಾಲಾ ಹೇಳುತ್ತಿದ್ದುದು ಬೇರೆ: ನಿಮ್ಮವ್ವ ತಿಪ್ಪೆಯ ಮೇಲೆ ಹೊಸ ಕೌದಿ ಹಾಸಿದ್ದಳು, ಅದರ ಮೇಲೆ ತನ್ನ ಧಾರೆ ಸೀರೆ ಹಾಸಿದ್ದಳು, ನೀನು ಇಡೀ ಓಣಿ ಕೇಳುವ ಹಾಗೆ ಅರಚಿದೆ. ತೌಡು ಇಸಕೊಂಡು ನನ್ನನ್ನು ತಿರುಗಿ ಕೊಡುವಾಗ ಖಾಲಾ, “ಮೇರೀಚ್ ಬೇಟಿ ಹೈ ಯೆ, ತುಮ್ ಪಾಲೋ,” ಎಂದಳಂತೆ. ಇವಳು ನನ್ನ ಮಗಳೇ, ನೀವು ಸಾಕಿರಿ ಎಂದು. ಈ ಮಾತನ್ನು ಮಾತ್ರ ಇಬ್ಬರೂ ಒಂದೇ ರೀತಿ ಹೇಳುತ್ತಿದ್ದರು. ಹಾಗಾಗಿ ಇದೊಂದನ್ನು ನಾನು ನಂಬುತ್ತೇನೆ.

ಸಾಲೆಯಲ್ಲಿ ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ಹಿಂದಿನ ಸಾಲಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಬರೆಯಲು ಶುರು ಮಾಡಿದ ವಯಸ್ಸಿನಲ್ಲಿ ಆ ಹೆಸರನ್ನು ಕಳಚಿಟ್ಟು ತೆಳ್ಳಗಿನ ಎರಡಕ್ಷರದ ಹೆಸರೊಂದನ್ನು ಇಟ್ಟುಕೊಂಡೆ. ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಚ್ಚಿನ ಎಚ್ ಕೂಡ ಸೇರಿಸಿದೆ. ನೋಡಲು ಚೆಂದ ಕಾಣುತ್ತಿತ್ತು, ಅಷ್ಟೇ.

ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಯಾಕೆಂದರೆ ಈಗಿನ ಹೆಸರುಗಳನ್ನು ನೋಡಿ ನಗುವವರಲ್ಲಿ ನಾನೂ ಒಬ್ಬಳು. ಹುಮನಾಬಾದಿನ ನಮ್ಮ ಓಣಿಯಲ್ಲಿ ಸಂಜೆ ತಾಯಂದಿರು ಮಕ್ಕಳನ್ನು ಒಳಗೆ ಕರೆಯುವ ಹೊತ್ತಿಗೆ ಹೊರಗೆ ನಿಂತು ಕೇಳಬೇಕು. ರೇಯಾಂಶ್, ಕಿಯಾಂಶ್, ವಿಯಾಂಶ್. ಒಬ್ಬನನ್ನು ಕರೆದರೆ ಓಣಿಯ ಅರ್ಧ ಹುಡುಗರು ತಿರುಗಿ ನೋಡುತ್ತಾರೆ. ಹೆಣ್ಣುಮಕ್ಕಳಲ್ಲಿ ಅದ್ವಿಕಾ, ಅನ್ವಿಕಾ, ಶ್ರಾನ್ವಿಕಾ. ಅರ್ಥ ಕೇಳಿದರೆ ಮೊಬೈಲು ತೆಗೆದು ತೋರಿಸುತ್ತಾರೆ. ಎಲ್ಲದರ ಅರ್ಥವೂ ಬೆಳಕು, ಇಲ್ಲವೇ ದೇವಿ, ಇಲ್ಲವೇ ಅಪರೂಪದವಳು. ಅಪರೂಪದವಳು ಎಂಬ ಅರ್ಥದ ಹೆಸರು ನಮ್ಮ ಓಣಿಯಲ್ಲಿ ಮನೆಗೊಂದು ಇದೆ.

ಇನ್ನು ಅಕ್ಷರಗಳ ವಿಚಾರ. ಎದುರು ಮನೆಯ ಮೊಮ್ಮಗನ ಹುಟ್ಟುಹಬ್ಬಕ್ಕೆ ಕೇಕು ತರಲು ಅವನ ತಾಯಿಯ ಜೊತೆ ಬೇಕರಿಗೆ ಹೋಗಿದ್ದೆ. ಕೇಕಿನ ಮೇಲೆ ಹೆಸರು ಬರೆಯುವವನು ಕೈಯೆತ್ತಿ ಹಿಡಿದು ಕೇಳಿದ: “ಮೇಡಂ, ಎ ಒಂದೋ ಎರಡೋ?”

“ಮೂರ್ರಿ. ಸುರೂಕ ಎರಡು, ನಡುವ ಒಂದು. ಕಡೀಕ ಎಸ್ ಎಚ್ ಹಾಕ್ರಿ. ಮೊದಲ ಎಸ್ ಅಷ್ಟೇ ಇತ್ತು, ಜ್ಯೋತಿಷ್ಯದವರು ಎಚ್ ಕೂಡಸ್ರಿ ಅಂದಾರ.”

“ಹಂಗಾರ ದೊಡ್ಡ ಕೇಕ್ ತಗೋಬೇಕಾಗ್ತದ ನೋಡ್ರಿ.”

ದೊಡ್ಡದು ತೆಗೆದುಕೊಳ್ಳಲಿಲ್ಲ. ಕೊನೆಯ ಎಚ್ ಕೇಕಿನ ಅಂಚಿನಿಂದ ಕೆಳಗಿಳಿದು ಪಕ್ಕದಲ್ಲಿ ನೇತಾಡಿತು. ಹುಡುಗ ಮೊದಲು ಅದನ್ನೇ ಬೆರಳಿನಿಂದ ತೆಗೆದು ನೆಕ್ಕಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮನೆಗೆ ಬಂದು ನನ್ನದೇ ಎಚ್ ನೆನಪಾಗಿ ಒಬ್ಬಳೇ ನಕ್ಕೆ.

ತಮ್ಮನ ಹೆಂಡತಿ ಕಳಿಸಿದ ಹೆಸರೂ ಇದೇ ಸಾಲಿನದು. ಅದನ್ನೂ ಬರೆಯುವುದಿಲ್ಲ, ಅದು ಈಗ ಒಬ್ಬ ಹುಡುಗಿಯ ಸ್ವಂತದ್ದು. ಅದರ ಕೆಳಗೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ತರಹ ಬರೆದು, ‘ಯಾವುದು ಚೆಂದ ಕಾಣ್ತದ್ರಿ ಅಕ್ಕಾರ’ ಎಂದು ಕೇಳಿದ್ದಳು. ನಾನು ಉತ್ತರ ಬರೆಯಲಿಲ್ಲ. ಎರಡು ಮನಸ್ಸಿನಲ್ಲಿದ್ದೆ. ಅವ್ವನ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಬೇರೆಯವರಿಗೆ ಸುಲಭ. ನಾನಂತೂ ಆ ನಂಬಿಕೆಯ ಮೇಲೆ ಬದುಕಿ ಉಳಿದವಳು. ಕೂಸಿಗೆ ನಾಳೆ ಸಣ್ಣ ಜ್ವರ ಬಂದರೂ ಅವ್ವ ನನ್ನ ಬಾಯಿಯನ್ನೇ ನೆನೆಯುತ್ತಾಳೆ. ಇತ್ತ, ಮೂಗು ಮುಚ್ಚಿಕೊಂಡ ಹಿಂದಿನ ಸಾಲೂ ಕಣ್ಣ ಮುಂದೆ ಇತ್ತು.

ತೊಟ್ಟಿಲ ದಿನ ಬೆಳಿಗ್ಗೆ ಹುಮನಾಬಾದಿನಲ್ಲಿ ಕಲ್ಯಾಣದ ಬಸ್ಸು ಹತ್ತಿದೆ. ಪಕ್ಕದಲ್ಲಿ ಒಬ್ಬ ಹೆಂಗಸು, ತೊಡೆಯ ಮೇಲೆ ಮೊಮ್ಮಗಳು. ನಿರ್ಣಾದವಳು, ಕೂಲಿ ಕೆಲಸದವಳು, ಕೊರಳ ನೀಲಿ ದಾರದಲ್ಲಿ ಬುದ್ಧನ ಪದಕ. ಹುಡುಗಿ ಕಿಟಕಿಯಿಂದ ಕೈ ಹೊರಗೆ ಹಾಕಿದಾಗ ಅಜ್ಜಿ ಹೆಸರು ಹಿಡಿದು ಗದರಿದಳು. ನನ್ನ ಫೋನಿನಲ್ಲಿದ್ದ ಹೆಸರೇ ಅದು.

“ಚಲೋ ಹೆಸರು ಅದರಿ,” ಎಂದೆ.

“ನನ್ನ ಸೊಸಿ ಇಟ್ಟಾಳ್ರಿ. ನನಗ ಬಾಯಿ ತಿರಗಾಕ ವಾರ ಹಿಡೀತು.”

“ಅರ್ಥ ಏನ್ರಿ?”

“ಯಾರಿಗ್ಗೊತ್ರಿ. ನನ್ನ ಹೆಸರು ಕೇಳ್ರಿ ಬೇಕಾದ್ರ. ಅದು ನಮ್ಮವ್ವ ಇಟ್ಟಿದ್ದಲ್ಲ, ಅಪ್ಪ ದುಡಿಯೂ ಮನಿ ಗೌಡ್ರು ಇಟ್ಟಿದ್ದು. ಹುಟ್ಟಿದ ವಾರ ಯಾವುದದ, ಅದೇ ಇಡ್ರಿ ಅಂದ್ರಂತ. ಅವರ ಮನಿ ಹೆಣ್ಮಕ್ಕಳ ಹೆಸರು ನಾವು ಇಡಂಗಿದ್ದಿಲ್ಲ ಆವಾಗ.” ಅವಳು ಮೊಮ್ಮಗಳ ಕೈ ಒಳಗೆ ಎಳೆದುಕೊಂಡಳು. “ಈಗ ಆ ಗೌಡ್ರ ಮರಿಮೊಮ್ಮಗಳ ಹೆಸರೂ ಇದೇ ಅದರಿ. ಒಂದೇ ಅಂಗನವಾಡಿ. ಟೀಚರ್ ಕರದ್ರ ಇಬ್ಬರೂ ಓಡಿ ಹೋಗ್ತಾವ.” ಹೇಳಿ ಬಾಯಿ ತುಂಬ ನಕ್ಕಳು.

ಈ ಮಾತು ಕೇಳಿ ನಾನು ಬಸ್ಸಿನಲ್ಲೇ ನಿರ್ಧಾರ ಮಾಡಿಬಿಟ್ಟೆ ಎಂದು ಬರೆಯಬಹುದು. ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಹಾಗೆ ಆಗಲಿಲ್ಲ. ಒಂದೇ ಥರದ ಹೆಸರುಗಳ ಬಗ್ಗೆ ನನಗಿದ್ದ ಕೊಂಕು ಹೋಯಿತು, ಅದು ಆ ಹೆಂಗಸಿನ ಉಪಕಾರ. ಹಳೆಯ ಹೆಸರು ಕೇಳಿದರೆ ಯಾವ ಓಣಿ, ಯಾರ ಪೈಕಿ ಎಂದು ತಕ್ಷಣ ಗೊತ್ತಾಗುತ್ತಿತ್ತು. ಹೊಸ ಹೆಸರು ಅಷ್ಟು ಬೇಗ ಬಾಯಿ ಬಿಡುವುದಿಲ್ಲ. ಅಂಗನವಾಡಿಯಲ್ಲಿ ಇಬ್ಬರು ಹುಡುಗಿಯರು ಒಂದೇ ಕೂಗಿಗೆ ಓಡಿ ಬರುವುದನ್ನು ಯೋಚಿಸುತ್ತ ಕಲ್ಯಾಣದಲ್ಲಿ ಇಳಿದೆ. ಇಳಿಯುವಾಗಲೂ ಅವ್ವನಿಗೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ.

ಮನೆ ತುಂಬ ಹೆಂಗಸರು. ಗುಗ್ಗರಿ ಬೇಯುವ ವಾಸನೆ. ಅವ್ವ ಹಿತ್ತಲಲ್ಲಿ ಕೂತು ಗುಂಡಕಲ್ಲಿಗೆ ಎರೆಯುತ್ತಿದ್ದಳು. ಒರಳಿನಲ್ಲಿ ಖಾರ ಅರೆಯುವ ಉರುಟು ಕಲ್ಲು ಅದು. ತೊಟ್ಟಿಲು ಬರಿದಾಗಿ ತೂಗಬಾರದು, ಅದಕ್ಕೆ ಕೂಸಿಗಿಂತ ಮೊದಲು ಗುಂಡಕಲ್ಲನ್ನು ಮಲಗಿಸುತ್ತೇವೆ. ಎಣ್ಣೆ, ಅರಿಶಿಣ ಹಚ್ಚಿ, ಬಿಸಿನೀರು ಎರೆದು, ಕೂಸಿನ ಹಾಗೆಯೇ ಕುಂಚಿಗೆ ತೊಡಿಸಿ, ತೊಟ್ಟಿಲ ಮೇಲಿಂದ ಒಬ್ಬಳು ಕೊಟ್ಟರೆ ಕೆಳಗಿಂದ ಒಬ್ಬಳು ಇಸಕೊಳ್ಳುತ್ತಾಳೆ. ಈ ಸಲ ಮಂಠಾಳದ ಬೀಗತಿ, ಅಂದರೆ ಕೂಸಿನ ತಾಯಿಯ ತಾಯಿ, ಜರಿಯಂಚಿನ ಹಸಿರು ಖಣದಲ್ಲಿ ಮೊಮ್ಮಗಳಿಗೆ ಕುಂಚಿಗೆ ಹೊಲಿದು, ಉಳಿದ ಬಟ್ಟೆಯಲ್ಲಿ ಕಲ್ಲಿಗೂ ಒಂದು ಹೊಲಿದು ತಂದಿದ್ದಳು. ಎರಡೂ ತಲೆಯಿಂದ ಕಾಲಿನ ತನಕ ಮುಚ್ಚುವಂಥವು.

“ಬಂದೇನವ್ವಾ,” ಎಂದಳು ಅವ್ವ, ಕಲ್ಲಿನ ಬೆನ್ನು ಉಜ್ಜುತ್ತ. ಒಳಗೆ ತಮ್ಮನ ಹೆಂಡತಿ ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚುತ್ತಿದ್ದಳು. ತಲೆಯೆತ್ತಿ ನೋಡಿದಳು, ಅಷ್ಟೇ.

ಆಮೇಲಿನದನ್ನು ಜೋಡಿಸುವುದು ಕಷ್ಟ. ಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗಿದರು. ಕೂಸನ್ನು ಹಾಕಿದರು. ಹಾಡಿದರು. ಗುದ್ದಿಗೆ ಬಿದ್ದೀತು ಎಂದು ನನ್ನ ಕನ್ನಡಕವನ್ನು ಯಾರೋ ತೆಗೆದಿಟ್ಟರು. ಕಿಟಕಿಯ ಬೆಳಕಿಗೆ ಅಡ್ಡ ಹೆಂಗಸರ ಗುಂಪು. ನಾನು ತೊಟ್ಟಿಲೊಳಗೆ ಬಗ್ಗಿದೆ. ಹಸಿರು ಕುಂಚಿಗೆ, ಎಣ್ಣೆ ಅರಿಶಿಣದ ವಾಸನೆ, ಬೆಚ್ಚಗಿನ ಮೈ. ಗುದ್ದುಗಳು ಬೀಳಲು ಶುರುವಾದವು. “ಹೇಳ್, ಹೇಳ್, ಇಲ್ಲಂದ್ರ ಬೆನ್ನು ಮುರೀತದ ಇವತ್ತ!” ಎಂದು ಬೀಗತಿ ಕೂಗಿದಳು. ಬಳೆ ಸದ್ದು, ನಗು. ಆಗ ನಡುಬೆನ್ನಿಗೆ ಒಂದು ಗುದ್ದು ಬಿತ್ತು. ಅದು ಗುದ್ದೇ ಅಲ್ಲ, ಅಂಗೈ ಇಟ್ಟು ಹಾಗೇ ಬಿಟ್ಟಂತೆ. ಅವ್ವನ ಕೈ ಎಂದು ತಿಳಿಯಿತು. ‘ಕುರ್ರ್’ ಎಂದೆ. ಬಾಯಿಗೆ ಬಂದದ್ದು ನನ್ನ ತಿಪ್ಪೆ ಹೆಸರು.

ಎದ್ದು ನಿಂತೆ. ಕಣ್ಣಲ್ಲಿ ನೀರು ಬಂದಿತ್ತು. ಹಿಂದಿನಿಂದ ತಮ್ಮನ ಹೆಂಡತಿಯ ದನಿ: “ಅಕ್ಕಾರ, ಕೂಸು ಇಲ್ಲಿ ಅದರೀ!”

ಕೂಸು ಅವಳ ತೋಳಿನಲ್ಲಿತ್ತು. ಒದ್ದೆ ಮಾಡಿಕೊಂಡಿತ್ತೆಂದು ಬಟ್ಟೆ ಬದಲಿಸಲು ಎತ್ತಿಕೊಂಡಿದ್ದರು. ತೊಟ್ಟಿಲು ಬರಿದಾಗಬಾರದೆಂದು ಯಾರೋ ಕಲ್ಲನ್ನು ತಿರುಗಿ ಮಲಗಿಸಿದ್ದರು. ನಾನು ಹೆಸರಿಟ್ಟದ್ದು ಗುಂಡಕಲ್ಲಿಗೆ.

ಆ ನಗು ಈಗಲೂ ಕಿವಿಯಲ್ಲಿದೆ. ಬೀಗತಿ ನೆಲದ ಮೇಲೆ ಕೂತುಬಿಟ್ಟಳು. “ಎಷ್ಟ್ ಪುಸ್ತಕ ಓದ್ಯಾಳ ಹುಡುಗಿ! ಕಲ್ಲು ಯಾವುದು ಕೂಸು ಯಾವುದು ಗೊತ್ತಾಗವಲ್ದು!”

ನಗದೆ ಇದ್ದವಳು ತಮ್ಮನ ಹೆಂಡತಿ ಒಬ್ಬಳೇ. ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು ಕೇಳಿದಳು: “ಏನ್ ಹೇಳಿದ್ರಿ ಕಲ್ಲಿಗಿ?”

ನೀನು ಕಳಿಸಿದ್ದೇ ಹೇಳಿದೆ ಎನ್ನಬಹುದಿತ್ತು. ಕೇಳಿಸಿಕೊಂಡದ್ದು ಕಲ್ಲೊಂದೇ. ಆದರೆ ಅವಳ ಮುಖ ನೋಡಿ ಆಗಲಿಲ್ಲ. “ನನ್ನ ಹೆಸರು,” ಎಂದೆ.

ಹತ್ತಿರ ಇದ್ದವರ ನಗು ನಿಂತಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೂಸನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಅವ್ವ ಗುಂಪನ್ನು ಸರಿಸಿ ಮುಂದೆ ಬಂದಳು. ಕಲ್ಲಿನ ಕುಂಚಿಗೆ ಸರಿಮಾಡಿದಳು. ಅದರ ತಲೆ ನೇವರಿಸಿ ನೆಟಿಗೆ ಮುರಿದಳು.

“ಹಂಗಾರ ಮುಗೀತು ನೋಡ್. ಆ ಹೆಸರು ಇದಕ್ಕ ಹೋತು. ಏನ್ ಕೆಟ್ಟ ನದರ ಬೀಳೂದದ ಇದಕ್ಕ ಬೀಳ್ಲಿ. ಕಲ್ಲಿಗೇನ್ ಜಡ್ಡು ಬರ್ತದ?” ಆಮೇಲೆ ಸೊಸೆಯ ಕಡೆ ತಿರುಗಿದಳು. “ತಾರವ್ವಾ ಕೂಸಿನ್ನ. ಇದಕ್ಕ ನಿಂದು ಇಡೋಣು. ಅದೇನದ, ನನಗೊಮ್ಮಿ ಹೇಳು ಮೊದಲ.”

ತಮ್ಮನ ಹೆಂಡತಿ ಹೆಸರು ಹೇಳಿದಳು. ಅವ್ವ ಅದನ್ನು ಬಿಸಿ ತುತ್ತಿನ ಹಾಗೆ ಬಾಯಲ್ಲಿ ಆ ಕಡೆ ಈ ಕಡೆ ಮಾಡಿದಳು. “ಹ್ಞೂಂ. ಖಡಕ್ ಅದ, ಮೆತ್ತಗ ಆಗ್ತದ,” ಎಂದಳು. “ಏ ಹುಡುಗಿ, ಬಗ್ಗು ಮತ್ತ. ಗುಗ್ಗರಿ ಆರಾಕತ್ತದ.”

ಮತ್ತೆ ಬಗ್ಗಿದೆ. ಮತ್ತೆ ಗುದ್ದು ಬಿದ್ದವು. ಈ ಸಲ ತಮ್ಮನ ಹೆಂಡತಿಯೂ ಗುದ್ದಿದಳು. ಅವಳದೇ ಎಲ್ಲರಿಗಿಂತ ಜೋರಾಗಿತ್ತು.

ಯಾರು ಕೂಸನ್ನು ಎತ್ತಿದರು, ಯಾರು ಕಲ್ಲು ಮಲಗಿಸಿದರು ಎಂದು ಆಮೇಲೆ ಕೇಳುತ್ತಾ ಹೋದೆ. ಕೂಸನ್ನು ಅತ್ತೆಯೇ ಎತ್ತಿ ಕೈಗೆ ಕೊಟ್ಟರು ಎನ್ನುತ್ತಾಳೆ ತಮ್ಮನ ಹೆಂಡತಿ. “ನಾ ಯಾಕ ಕೊಡ್ಲಿ? ಅಳಾಕತ್ತಿತ್ತು, ಬೀಗತಿ ಎತ್ತಿಕೊಂಡ್ಳು,” ಎನ್ನುತ್ತಾಳೆ ಅವ್ವ. ಮೊಮ್ಮಗಳು ಅಳಲೇ ಇಲ್ಲವೆಂದು ಬೀಗತಿ ಆಣೆ ಮಾಡುತ್ತಾಳೆ. ತಮ್ಮ ತನ್ನ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿದ್ದ. ಹಾಕಿ ನೋಡಿದರೆ ಬರೀ ಸೀರೆಗಳ ಬೆನ್ನು, ಅವುಗಳ ನಡುವೆ ನನ್ನ ಬಾಗಿದ ಬೆನ್ನಿನ ಒಂದು ತುಂಡು, ಮೇಲೆ ಬೀಳುವ ಕೈಗಳು. ಯಾವ ಕೈ ಯಾರದೆಂದು ತಿಳಿಯುವುದಿಲ್ಲ. ಅವ್ವ ಬೇಕೆಂದೇ ಮಾಡಿದಳೇ? ಕನ್ನಡಕ ಇಲ್ಲದಿದ್ದರೂ ನನಗೆ ಒಳಗೊಳಗೇ ಗೊತ್ತಾಗಿತ್ತೇ? ನನ್ನ ಕೆನ್ನೆಗೆ ತಾಗಿದ್ದು ಕಲ್ಲಿನ ಬಿಸಿ, ಹಿತ್ತಲಲ್ಲಿ ಅವ್ವ ಎರೆದ ನೀರಿನ ಬಿಸಿ. ಅಷ್ಟನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಯಾರಿಗೆ ಕೈ ಮುಗಿಯಬೇಕೋ ಗೊತ್ತಾಗದೆ ಆ ಕೋಣೆಯಲ್ಲಿದ್ದ ಎಲ್ಲರಿಗೂ ಮನಸ್ಸಿನಲ್ಲೇ ಮುಗಿದಿದ್ದೇನೆ, ತೌಡು ಇಸಕೊಂಡು ನನ್ನನ್ನು ಮಾರಿದ ಖಾಲಾಗೂ.

ಕಲ್ಲು ಒರಳಿಗೆ ತಿರುಗಿ ಹೋಯಿತು. ಖಾರ ಅರೆಯುತ್ತದೆ, ಶೇಂಗಾ ಅರೆಯುತ್ತದೆ. ತೊಳೆದಿಟ್ಟ ಮೇಲೆ ಅವ್ವ ಅದಕ್ಕೆ ಅರಿಶಿಣ ಹಚ್ಚುವುದನ್ನು ಬಿಟ್ಟಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು ನನ್ನ ಹೆಸರಿನಿಂದಲೇ ಕರೆಯುತ್ತಾರೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಆ ಹೆಸರನ್ನು ಇಷ್ಟು ಪ್ರೀತಿಯಿಂದ ಕರೆದದ್ದನ್ನು ನಾನು ಖಾಲಾಳ ಮನೆಯ ಆಚೆ ಕೇಳಿರಲಿಲ್ಲ.

ಮೊನ್ನೆ ಮಳೆ ಶುರುವಾದಾಗ ಕೂಸಿಗೆ ಜ್ವರ ಬಂತು. ಸುದ್ದಿ ತಿಳಿದು ಹುಮನಾಬಾದಿನಿಂದ ಹೊರಟೆ. ನಾನು ತಲುಪುವ ಹೊತ್ತಿಗೆ ದವಾಖಾನೆಗೆ ಹೋಗಿ ಬಂದಾಗಿತ್ತು, ಜ್ವರ ಇಳಿಯುತ್ತಿತ್ತು. ಅವ್ವ ಕೂಸಿನ ಹತ್ತಿರ ಕೂತು ಹೊಸ ಹೆಸರನ್ನು ಎಳೆದೆಳೆದು ಹಾಡಿನ ಹಾಗೆ ಕರೆಯುತ್ತಿದ್ದಳು. ಈಗ ಅದು ಅವಳ ಬಾಯಲ್ಲಿ ಮೆತ್ತಗಾಗಿತ್ತು. ನೀರು ಕುಡಿಯಲು ಅಡುಗೆಮನೆಗೆ ಹೋದೆ. ತಮ್ಮನ ಹೆಂಡತಿ ನನಗೆ ಬೆನ್ನು ಮಾಡಿ ಒರಳಿನ ಮುಂದೆ ಕೂತಿದ್ದಳು. ಒಂದು ಕೈ ಗುಂಡಕಲ್ಲಿನ ಮೇಲಿತ್ತು.

“ಅಕ್ಕಾರ,” ಎನ್ನುತ್ತಿದ್ದಳು ಮೆಲ್ಲಗೆ, “ಕೂಸಿನ್ನ ಇನ್ನೊಂದೀಟು ನೋಡ್ಕೊಳ್ರಿ.”

ಬಾಗಿಲಲ್ಲಿ ನಿಂತವಳು ಓಗೊಡಬೇಕೋ ಬೇಡವೋ ತಿಳಿಯದೆ ನಿಂತೆ. ಆಮೇಲೆ ಸದ್ದಾಗದಂತೆ ಹಿಂದೆ ಸರಿದು, ಕೂಸಿನ ಹಣೆ ಮುಟ್ಟಿ ನೋಡಲು ಹೋದೆ.